ಎಡ ರೆಕ್ಕೆಯ ಬಿಸಿಲು

ಆ ಮಂಗಳವಾರ ಬೆಳಿಗ್ಗೆ ಊರ ಮೇಲೆ ಮೋಡ ಕವಿದಿತ್ತು. ಮಳೆ ತರುವ ಮೋಡವಲ್ಲ; ಕಾಯಿಸಿಟ್ಟ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ತೆಳ್ಳಗೆ ಹರಡಿಕೊಂಡು, ಸೂರ್ಯನಿರುವ ಕಡೆ ಒಂದು ಬಿಳಿ ಮಚ್ಚೆಯನ್ನಷ್ಟೇ ಉಳಿಸುವ ಮೋಡ. ಬೇರೆ ಊರಿನವರಾಗಿದ್ದರೆ ಬಿಸಿಲಿನ ಕಾಟ ತಪ್ಪಿತಲ್ಲ ಎಂದು ಹಿಗ್ಗುತ್ತಿದ್ದರೇನೋ. ನಾನು ಸ್ನಾನ ಮಾಡಿ, ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಅಂಗಳಕ್ಕೆ ಇಳಿದು ನೋಡಿದೆ. ಒರಳುಕಲ್ಲಿಗೂ ನೆರಳಿಲ್ಲ, ಬಾವಿಯ ರಾಟೆಗೂ ಇಲ್ಲ, ನನಗೂ ಇಲ್ಲ. ಶಿವನೇ, ಇವತ್ತೊಂದು ದಿನ ಮರೆಯಾಗಬೇಡ ಎಂದುಕೊಂಡೆ. ನೆರಳಿಲ್ಲದ ದಿನ ನನ್ನ ಕೆಲಸ ನಡೆಯುವುದಿಲ್ಲ, ಆ ಕೆಲಸವೋ ಅಂದು ಹೊತ್ತು ಮುಳುಗುವುದರೊಳಗೆ ಆಗಲೇಬೇಕಿತ್ತು.

ನಮ್ಮ ಮನೆತನದವರು ನೆರಳು ನೋಡುವವರು. ನಮ್ಮೂರಿನ ಬಿಸಿಲಿನಲ್ಲಿ, ಲೋಕದಲ್ಲಿರುವ ಒಂದು ವಸ್ತುವಿನಂತೆಯೇ ಚಿಕ್ಕದೊಂದನ್ನು ಮಾಡಿ, ಅದು ಕೂದಲೆಳೆಯಷ್ಟೂ ತಪ್ಪದೆ ಮೂಲವನ್ನು ಹೋಲಿದರೆ, ಅದಕ್ಕೆ ಬೀಳುವ ನೆರಳು ಅದರದಲ್ಲ, ಮೂಲದ್ದು. ಹೋಲಿಕೆ ತಪ್ಪಿದ್ದರೆ ಬೀಳುವುದು ಬರೀ ಗೇಣುದ್ದದ ನೆರಳು. ಮೂಲ ಅಳಿದು ಹೋಗಿದ್ದರೂ ಹಾಗೆಯೇ. ಕಪ್ಪು ಮಣ್ಣಿನ ಬಯಲು ನಮ್ಮದು, ಹುಡುಕಿದರೂ ಮರ ಸಿಗುವುದಿಲ್ಲ. ಎಮ್ಮೆ ಮೇಯಿಸುವವರು ಸೊಂಟದ ಚೀಲದಲ್ಲಿ ಹೆಬ್ಬೆರಳು ಗಾತ್ರದ ಹುಣಸೆಮರ ಇಟ್ಟುಕೊಂಡಿರುತ್ತಾರೆ. ಮಧ್ಯಾಹ್ನ ಅದನ್ನು ಕಲ್ಲಿನ ಮೇಲೆ ನಿಲ್ಲಿಸಿ, ಎಲ್ಲೋ ನಾಲ್ಕು ಹರದಾರಿ ದೂರದಲ್ಲಿರುವ ಮರದ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾರೆ. ಮದುವೆ ಮನೆಯವರು ಚಪ್ಪರ ಹಾಕುವುದಿಲ್ಲ, ಹಳೆಯ ಛತ್ರವೊಂದರ ಬೆಂಡಿನ ಪ್ರತಿಯನ್ನು ಬಾಡಿಗೆಗೆ ತರುತ್ತಾರೆ. ವರ್ಷಕ್ಕೊಂದು ಸಲ ಗುಡಿಯ ವಿಗ್ರಹವನ್ನು ಬಿಸಿಲಿಗೆ ತಂದು ನಿಲ್ಲಿಸುತ್ತೇವೆ. ಅದರ ನೆರಳು ಇವತ್ತಿನವರೆಗೆ ವಿಗ್ರಹದಷ್ಟೇ ಬಿದ್ದಿದೆ. ನಾವು ತಿಳಿದದ್ದು ಇಷ್ಟೇ ಎಂದು ಆ ಗೇಣು ನೆರಳಿಗೆ ಅಡ್ಡಬಿದ್ದು ಒಳಗೆ ಕರೆದುಕೊಂಡು ಹೋಗುತ್ತೇವೆ.

ಸಂತೆ ಮೈದಾನಕ್ಕೆ ನೆರಳಾಗಿದ್ದದ್ದು ಒಂದು ಯುದ್ಧವಿಮಾನ. ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದ ನಮ್ಮೂರಿನವರೊಬ್ಬರು ಮೂವತ್ತು ವರ್ಷದ ಹಿಂದೆ ರಜೆಗೆ ಬಂದಾಗ ಡಬ್ಬಿಯೊಂದನ್ನು ತಂದಿದ್ದರು. ಪ್ಲಾಸ್ಟಿಕ್ಕಿನ ಬಿಡಿಭಾಗಗಳು, ಅಂಟಿಸಿದರೆ ಜೆಟ್ ವಿಮಾನ, ಮೂಲದ ಎಪ್ಪತ್ತೆರಡರಲ್ಲಿ ಒಂದು ಪಾಲು. ಅದನ್ನು ಕಂಬದ ತುದಿಗೆ ಕಟ್ಟಿ ಬಿಸಿಲಿಗೆ ಬಿಟ್ಟಾಗ ನಿಜವಾದ ಜೆಟ್ಟಿನ ನೆರಳು ನೆಲಕ್ಕೆ ಬಿತ್ತಂತೆ, ನಮ್ಮ ತಂದೆ, ನೆರಳು ನೋಡಿ ಸರಿ ತಪ್ಪು ಬರೆದಿಡುವ ಮನೆತನದ ಪುಸ್ತಕದಲ್ಲಿ 'ಸರಿ' ಎಂದು ಬರೆದರಂತೆ. ಅಂದಿನಿಂದ ಸಂತೆಯವರ ಜಾಗಗಳು ಅದರ ಅಂಗಾಂಗಗಳ ಪ್ರಕಾರ ಹಂಚಿಕೆಯಾದವು. ಮೂತಿಯ ಕೆಳಗೆ ಬಳೆಯವರು, ಹೊಟ್ಟೆಯ ಕೆಳಗೆ ಕಾಳಿನವರು, ಬಾಲದ ಕೆಳಗೆ ಮಡಕೆಯವರು, ಎರಡು ರೆಕ್ಕೆಗಳ ಕೆಳಗೆ ತರಕಾರಿ, ಸೊಪ್ಪು, ಹೂವು. ಹೊತ್ತು ತಿರುಗಿದ ಹಾಗೆ ಸಂತೆಯೂ ಪುಟ್ಟಿಗಳನ್ನು ಎಳೆದುಕೊಂಡು ತಿರುಗುತ್ತಿತ್ತು. ಹೊಸದಾಗಿ ಬಂದವರಿಗೆ ದಾರಿ ಹೇಳುವಾಗಲೂ, ಬಲ ರೆಕ್ಕೆ ದಾಟಿ ಹೋಗಿ, ಅನ್ನುವುದು ರೂಢಿ.

ಮೂವತ್ತು ಬೇಸಿಗೆ ಕಂಡ ಪ್ಲಾಸ್ಟಿಕ್ಕು ಹಪ್ಪಳದಂತಾಗಿತ್ತು. ಹೋದ ವರ್ಷ ಒಂದು ಕಾಗೆ ಬಂದು ಕೂತದ್ದೇ ನೆಪ, ಪುಡಿಪುಡಿಯಾಗಿ ಉದುರಿತು. ಆರಿಸಿಕೊಳ್ಳಲು ಹೋದರೆ ಚೂರುಗಳು ಬೆರಳ ನಡುವೆಯೇ ಹಿಟ್ಟಾದವು. ಆವತ್ತಿನಿಂದ ಸಂತೆ ಬಿಸಿಲಿಗೆ ಬಿತ್ತು. ಕೊಡೆ ಇದ್ದವರು ಕೊಡೆ ತಂದರು, ಗಾಡಿ ಇದ್ದವರು ಗಾಡಿಯ ಕೆಳಗೆ ಕೂತರು. ಕೊನೆಗೆ ಸಂತೆ ಮಂಡಳಿಯವರು, ಹೀಗೇ ಆದರೆ ಪಕ್ಕದೂರಿನ ತಗಡಿನ ಶೆಡ್ಡಿಗೆ ಸಂತೆಯನ್ನು ಸಾಗಿಸಿಬಿಡೋಣ, ಅಲ್ಲಿ ಜಾಗವೂ ಇದೆ, ನೀರೂ ಇದೆ ಎಂದು ಗೊತ್ತು ಮಾಡಿದರು. ಹೊಸ ವಿಮಾನಕ್ಕೆ ನಾನು 'ಸರಿ' ಬರೆದರೆ ಸಂತೆ ಉಳಿಯುತ್ತದೆ, ಇಲ್ಲವಾದರೆ ಮುಂದಿನ ಮಂಗಳವಾರದಿಂದ ಅಲ್ಲಿ. ಅದಕ್ಕೆ ಕೊಟ್ಟ ಗಡುವು ಆ ಮಂಗಳವಾರದ ಸಂಜೆ.

ಮಡಕೆಗೆ ಗಾಡಿ ಇದೆ, ಕಾಳಿಗೆ ಟೆಂಪೋ ಇದೆ. ದಿಕ್ಕು ತಪ್ಪುತ್ತಿದ್ದದ್ದು ಸಣ್ಣೀರಮ್ಮನಿಗೆ. ಕೆರೆಯ ಅಂಚಿನ ನಾಲ್ಕು ಮಡಿಯಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ ಬೆಳೆದು, ನಸುಕಿನಲ್ಲಿ ಕುಯ್ದು, ತಲೆಯ ಮೇಲೆ ಹೊತ್ತು ತಂದು ಎಡ ರೆಕ್ಕೆಯ ಕೆಳಗೆ ಮಾರುವವಳು ಅವಳು. ಮಂಡಿ ಹಿಡಿದಿರುವ ಕಾಲಿನಲ್ಲಿ ಪಕ್ಕದೂರಿಗೆ ನಡೆದು ಮುಟ್ಟುವಷ್ಟರಲ್ಲಿ ಸೊಪ್ಪು ಬಾಡಿ ದನಕ್ಕೆ ಹಾಕಬೇಕು. ಬಸ್ಸಿನವನು ಪುಟ್ಟಿ ಹತ್ತಿಸುವುದಿಲ್ಲ. ಬೇರೆ ಕಸುಬು ಅವಳಿಗೆ ಬಾರದು, ಅರವತ್ತರ ಮೇಲೆ ಕಲಿಯುವ ಆಸೆಯೂ ಇಲ್ಲ. ಹೊಸ ಡಬ್ಬಿ ತರಿಸಲೇಬೇಕೆಂದು ಮನೆಮನೆಗೆ ಹೋಗಿ ಹಟ ಹಿಡಿದವಳೂ ಅವಳೇ.

ಹೊಸ ಡಬ್ಬಿಯೂ ಸುಲಭಕ್ಕೆ ಸಿಗಲಿಲ್ಲ. ಅದನ್ನು ಮಾಡುತ್ತಿದ್ದ ಕಂಪನಿ ಎಂದೋ ನಿಲ್ಲಿಸಿತ್ತು. ಅಚ್ಚು ಕೈಯಿಂದ ಕೈಗೆ ಹೋಗಿ, ಈಗ ಮರುಬಿಡುಗಡೆ ಎಂದು ಮತ್ತೆ ಬಂದಿತ್ತು. ನಾಲ್ಕು ತಿಂಗಳು ಕಾದ ಮೇಲೆ ಒಂದೇ ಒಂದು ಡಬ್ಬಿ ಬಂತು. ಮುಚ್ಚಳದ ಮೇಲೆ ಅದೇ ಹಳೆಯ ಚಿತ್ರ, ಮೋಡ ಸೀಳಿ ಮೇಲೇರುವ ಬೂದು ಬಣ್ಣದ ಜೆಟ್ಟು. ಗಡಿಯಾರ ರಿಪೇರಿಯ ದಸ್ತಗೀರ್ ಸಾಬರು ಅದನ್ನು ಕಟ್ಟಲು ಒಪ್ಪಿಕೊಂಡರು. ಊರಿನಲ್ಲಿ ಅವರಷ್ಟು ನಿಂತ ಕೈ ಇನ್ನೊಂದಿಲ್ಲ.

ಒಂದು ತಿಂಗಳು ದಿನಾ ಸಂಜೆ ಅವರ ಅಂಗಡಿಯಲ್ಲಿ ಕೂತು ನಾನದನ್ನು ನೋಡಿದೆ. ನೋಡುವವನು ಮುಟ್ಟಬಾರದು, ಅದು ನಮ್ಮ ನೇಮ. ಹಾಗಾಗಿ ಕೈ ಕಟ್ಟಿಕೊಂಡೇ ನೋಡಿದೆ. ಭಾಗಗಳೆಲ್ಲ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡು, ಬಳ್ಳಿಯಲ್ಲಿ ಕಾಯಿ ಬಿಟ್ಟ ಹಾಗಿದ್ದವು. ಅಚ್ಚಿಗೆ ವಯಸ್ಸಾದದ್ದು ಕಾಣುತ್ತಿತ್ತು: ಬಾಲದ ಅಂಚಿನಲ್ಲಿ ಪ್ಲಾಸ್ಟಿಕ್ಕು ತೆಳ್ಳಗೆ ಒಸರಿ ಹೆಪ್ಪುಗಟ್ಟಿತ್ತು, ಮೂತಿಯ ಎರಡು ಹೋಳುಗಳು ಕೂಡುವಲ್ಲಿ ಉಗುರು ತೂರುವಷ್ಟು ಸಂದಿತ್ತು. ಸಾಬರು ಒಸರಿದ್ದನ್ನು ಕೆರೆದು, ಸಂದಿಗೆ ಮೇಣದಂಥದ್ದನ್ನು ಮೆತ್ತಿ, ಉಪ್ಪು ಕಾಗದದಿಂದ ಉಜ್ಜಿ ಉಜ್ಜಿ ಒಂದೇ ಮೈ ಮಾಡಿದರು. ಒಳ್ಳೆಯದೂ ಬಹಳ ಇತ್ತು. ಪೈಲಟ್ಟಿನ ತಲೆಯ ಮೇಲಿನ ಗಾಜಿನಂಥ ಮುಚ್ಚಳ ನೀರಿನಷ್ಟು ತಿಳಿ. ಹಳೆಯದರಲ್ಲಿ ಉಬ್ಬಿಕೊಂಡಿದ್ದ ಗೆರೆಗಳು ಇದರಲ್ಲಿ ಕೂದಲಿನಷ್ಟು ಸಣ್ಣಗೆ ಒಳಗೆ ಕೊರೆದಿದ್ದವು. ಡಬ್ಬಿಯ ತಳದಲ್ಲಿ, ಹಳೆಯ ಅಚ್ಚಿನಲ್ಲಿದ್ದ ತಪ್ಪುಗಳನ್ನು ಈ ಬಾರಿ ತಿದ್ದಲಾಗಿದೆ ಎಂದು ಅಚ್ಚಾಗಿತ್ತಂತೆ. ಸಾಬರು ಅದನ್ನು ಓದಿ ಹೇಳಿದಾಗ ನನಗೂ ಸಮಾಧಾನವಾಯಿತು. ಹಳೆಯದೇ ಸರಿಯಾಗಿತ್ತಲ್ಲ, ತಿದ್ದಿದ ಮೇಲೆ ಇನ್ನೇನು ಕೇಳಬೇಕು ಎಂದುಕೊಂಡೆ.

ಮಂಗಳವಾರ ಹತ್ತು ಗಂಟೆಯಾದರೂ ಮೋಡ ಬಿಡಲಿಲ್ಲ. ಸಂತೆಯ ಇಪ್ಪತ್ತೆರಡು ಜನ ತಲೆ ಮೇಲೆತ್ತಿ ಕೂತಿದ್ದರು. ಮಡಕೆಯ ಓಬಳಪ್ಪ ಸುಮ್ಮನಿರುವ ಆಸಾಮಿಯಲ್ಲ. ಮಳೆ ಬರಲಿ ಅಂತ ಕತ್ತೆಗೆ ಮದುವೆ ಮಾಡ್ತೀವಿ, ಬಿಸಿಲು ಬರಲಿ ಅಂತ ಯಾರಿಗೆ ಮಾಡೋಣ, ಅಯ್ನೋರಿಗೇ ಇನ್ನೊಂದು ಮಾಡೋಣವೇ ಎಂದು ನನ್ನ ಕಡೆ ಕೈ ತೋರಿಸಿ ಎಲ್ಲರನ್ನೂ ನಗಿಸಿದ. ಸಣ್ಣೀರಮ್ಮ ನಗಲಿಲ್ಲ. ಸೊಪ್ಪಿನ ಮೇಲೆ ಒದ್ದೆ ಗೋಣಿ ಹೊದಿಸಿ, ಕಂಬಕ್ಕೆ ಒರಗಿ ಕೂತಿದ್ದಳು. ಹನ್ನೊಂದರ ಸುಮಾರಿಗೆ ಕೆನೆ ಹರಿದು ಸೂರ್ಯ ಕಂಡ. ಸಾಬರು ಬಿಸ್ಮಿಲ್ಲಾ ಎಂದು ಹಗ್ಗ ಎಳೆದರು, ವಿಮಾನ ಕಂಬದ ತುದಿಗೇರಿತು.

ನೆಲದ ಮೇಲೆ ಗೇಣುದ್ದದ ನೆರಳು ಬಿತ್ತು.

ಸಾಬರು ಹಗ್ಗವನ್ನು ಅತ್ತ ಇತ್ತ ತಿರುಗಿಸಿದರು. ಗೇಣುದ್ದದ್ದು ಗೇಣುದ್ದವೇ ಆಗಿ ಒಂದು ಸುತ್ತು ತಿರುಗಿತು. ಎಲ್ಲಿಂದಲೋ ಬಂದ ಕೋಳಿಯೊಂದು ಆ ನೆರಳಿಗೆ ಬಂದು ನಿಂತಿತು. ಓಬಳಪ್ಪ, ಒಂದು ಗಿರಾಕಿಗಾದ್ರೂ ಆಯ್ತು ಬಿಡ್ರಪ್ಪ, ಅಂದ. ಈ ಸಲ ಅವನೂ ನಗಲಿಲ್ಲ.

ನಾನು ಕೆಳಗಿಳಿಸಿ ಎಂದೆ. ಸಾಬರ ಅಂಗೈ ಮೇಲಿಟ್ಟುಕೊಂಡ ವಿಮಾನವನ್ನು ಮೂತಿಯಿಂದ ಬಾಲದವರೆಗೆ ಮತ್ತೆ ನೋಡಿದೆ. ಕೂಡಿಕೆ ಸರಿ, ಬಾಗು ಸರಿ, ಚಕ್ರಗಳೂ ಸರಿ. ಎರಡು ರೆಕ್ಕೆಗಳು ಒಂದು ಎಲೆಯನ್ನು ನಡುವೆ ಮಡಿಸಿ ಬಿಡಿಸಿದ ಹಾಗೆ ಒಂದಕ್ಕೊಂದು ಸಮ. ಪ್ರತಿಯಲ್ಲಿ ತಪ್ಪಿಲ್ಲ ಎಂದಾದರೆ ಉಳಿಯುವುದು ಒಂದೇ ಮಾತು. ಮೂಲ ಹೋಗಿದೆ. ಅಷ್ಟು ಹಳೆಯ ವಿಮಾನ, ಎಲ್ಲೋ ಮುರಿದು ಗುಜರಿಗೆ ಹಾಕಿರುತ್ತಾರೆ. ಹಾಗೆಂದು ಹೇಳಿ ಪುಸ್ತಕ ಬಿಚ್ಚಿದೆ. 'ತಪ್ಪು' ಎಂದು ಬರೆದರೆ ತಿದ್ದಬಹುದು. 'ಮೂಲವಿಲ್ಲ' ಎಂದು ಬರೆದರೆ ಅದನ್ನು ಮತ್ತೆ ಕಂಬಕ್ಕೆ ಏರಿಸುವ ಹಾಗಿಲ್ಲ. ನಮ್ಮ ಮನೆತನದಲ್ಲಿ ಬರೆದದ್ದನ್ನು ಹೊಡೆದುಹಾಕಿದ್ದೂ ಇಲ್ಲ. ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಾಗ ಸಣ್ಣೀರಮ್ಮ ಬಂದು ಪುಸ್ತಕದ ಮೇಲೆ ಅಂಗೈ ಇಟ್ಟಳು. ಅವಳ ಕೈಗೆ ಮೆಂತ್ಯದ ವಾಸನೆಯಿತ್ತು.

"ಬರೀಬ್ಯಾಡ್ರಿ ಅಯ್ನೋರೆ. ಅದು ಸತ್ತಿಲ್ಲ."

ಹೇಗೆ ಹೇಳುತ್ತೀಯೆಂದು ಕೇಳಿದೆ.

"ಹೆಂಗೋ. ನೀವು ಕಟ್ಟಿರೋದು ಬ್ಯಾರೆ ಯಾವ್ದೋ. ನಾ ಕುಂತಿದ್ದ ರೆಕ್ಕೆ ಇದಲ್ಲ."

ಸಾಬರ ಮುಖ ಕೆಂಪಾಯಿತು. ನಲವತ್ತು ವರ್ಷ ಕೂದಲಿನಂಥ ಸ್ಪ್ರಿಂಗು ಹಿಡಿದ ಕೈ ತಮ್ಮದು, ಇದರಲ್ಲಿ ಎಲ್ಲಿ ತಪ್ಪಿದೆ ತೋರಿಸಲಿ ಎಂದರು. ಅವಳು ಅವರ ಮೇಲೆ ತಪ್ಪು ಹೊರಿಸಲಿಲ್ಲ. ತನ್ನ ಪುಟ್ಟಿಯ ಹತ್ತಿರ ಹೋಗಿ, ಮೊರದಲ್ಲಿ ತಂದಿದ್ದ ದಂಟಿನ ಬೀಜವನ್ನು ಎತ್ತಿಕೊಂಡು ಬಂದು ನಮ್ಮ ಮುಂದಿಟ್ಟಳು. ಆಮೇಲೆ ಅವಳು ಹೇಳಿದ್ದನ್ನು ನಾನು ಒಂದೊಂದಾಗಿ ಕೇಳಿ ತಿಳಿದುಕೊಳ್ಳಬೇಕಾಯಿತು, ಯಾಕೆಂದರೆ ಅವಳಿಗೆ ಅದು ಹೇಳಬೇಕಾದ ಸಂಗತಿ ಎಂದೇ ಎಂದೂ ಅನ್ನಿಸಿರಲಿಲ್ಲ. ಎಡ ರೆಕ್ಕೆಯ ಕೆಳಗೆ ಅವಳ ಜಾಗದಲ್ಲಿ ನೆರಳಿನ ಹಿಂದಿನ ಅಂಚು ಒಂದು ಕಡೆ ಕಚ್ಚಿದ ಹಾಗಿತ್ತು. ಅಲ್ಲಿ ಒಂದು ಮೊರದಷ್ಟು ಬಿಸಿಲು ಬೀಳುತ್ತಿತ್ತು. ಆ ಬಿಸಿಲಿಗೆ ಬೀಜದ ಮೊರ ಇಟ್ಟು, ಅದು ಸರಿದಂತೆ ಸರಿಸುತ್ತಾ, ಮೂವತ್ತು ವರ್ಷ ಒಂದು ಸಂತೆಯೂ ತಪ್ಪದೆ ಬೀಜ ಒಣಗಿಸಿಕೊಂಡಿದ್ದಳು. ಸೊಪ್ಪಿಗೆ ನೆರಳು, ಬೀಜಕ್ಕೆ ಬಿಸಿಲು. ಜಾಗ ಹಂಚಿದವರು ಬೇಕೆಂದೇ ತನಗೆ ಹೀಗೆ ಎರಡನ್ನೂ ಕೊಟ್ಟಿದ್ದಾರೆ ಎಂದು ತಿಳಿದಿದ್ದಳು.

ಡಬ್ಬಿಯ ತಳದಲ್ಲಿದ್ದ ಮಾತು ಆಗ ನನಗೆ ಅರ್ಥವಾಯಿತು. ಹಳೆಯ ಅಚ್ಚು ಮಾಡಿದವನು ಎಲ್ಲೋ ನಿಂತಿದ್ದ ಒಂದು ವಿಮಾನವನ್ನು ಅಳೆದು ಮಾಡಿದ್ದ. ಆ ಒಂದು ವಿಮಾನದ ಎಡ ರೆಕ್ಕೆಯಲ್ಲಿ ಒಂದು ತುಂಡು ಇರಲಿಲ್ಲ. ಅವನು ಕಂಡದ್ದನ್ನು ಕಂಡ ಹಾಗೆ ಕೊರೆದ. ಹೊಸಬರು ನಕ್ಷೆ ನೋಡಿದರು, ಇದು ತಪ್ಪು ಎಂದರು, ತುಂಬಿಬಿಟ್ಟರು. ಈಗ ಸಾಬರ ಅಂಗೈ ಮೇಲಿದ್ದದ್ದು ನಕ್ಷೆಗೆ ಸರಿಯಾದ ವಿಮಾನ. ಆದರೆ ಹಾಗೆ ಗಾಯವೇ ಇಲ್ಲದ್ದು ಲೋಕದಲ್ಲಿ ಎಲ್ಲೂ ನಿಂತಿರಲಿಲ್ಲ. ಎರಡು ರೆಕ್ಕೆ ಸಮ ಇರುವುದನ್ನು ನೋಡಿ ತಲೆದೂಗಿದವನು ನಾನೇ. ಹುಣಸೆಮರವನ್ನು ನೋಡುವಾಗ ಮುರಿದ ಕೊಂಬೆಯನ್ನೂ ಲೆಕ್ಕ ಹಾಕುವ ನಮಗೆ, ಕಾರ್ಖಾನೆಯಿಂದ ಬಂದದ್ದಕ್ಕೆ ಕುಂದಿರಬಹುದು ಎಂದು ಹೊಳೆಯಲಿಲ್ಲ.

ಎಲ್ಲಿತ್ತು, ಎಷ್ಟಿತ್ತು ಎಂದು ಕೇಳಿದೆ. ಅವಳು ತಡವರಿಸಲಿಲ್ಲ. ರೆಕ್ಕೆಯ ತುದಿಯಲ್ಲಿ ಹೂವಿನವಳು, ಅವಳಿಂದ ತನ್ನ ಬಿಸಿಲಿಗೆ ಆರು ಮೊಳ; ಅಗಲ ಈ ಮೊರದಷ್ಟು. ಇಬ್ಬರೂ ಜಾಗದ ಜಗಳದಲ್ಲಿ ಅದನ್ನು ಅಳೆದದ್ದೇ ಅಳೆದದ್ದಂತೆ. ಮೊಳಕ್ಕೆ ಇಪ್ಪತ್ತನಾಲ್ಕು ಬೆರಳಿನಂತೆ ಆರು ಮೊಳಕ್ಕೆ ನೂರ ನಲವತ್ತನಾಲ್ಕು ಬೆರಳು. ಎಪ್ಪತ್ತೆರಡರಿಂದ ಭಾಗಿಸಿದರೆ ಎರಡು ಬೆರಳು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮೊರದ ಅಗಲ ಭಾಗಿಸಿದರೆ ಒಂದು ಕಡಲೆಬೇಳೆ.

ಸಾಬರು ವಿಮಾನವನ್ನು ಎದೆಗೆ ಅವುಚಿಕೊಂಡರು. ಸರಿಯಿರುವುದನ್ನು ಕೈಯಾರೆ ಕೆಡಿಸುವುದು ತಮ್ಮಿಂದಾಗದು ಎಂದರು. ಇರುವುದು ಒಂದೇ ಡಬ್ಬಿ. ಕಡಿದ ಮೇಲೂ ನೆರಳು ಬೀಳದಿದ್ದರೆ ಸಂತೆಯೂ ಹೋಯಿತು, ವಿಮಾನವೂ ಹೋಯಿತು. ಊರವರು ನಾಳೆ ತಮ್ಮ ಅಂಗಡಿಗೆ ಬಂದು ಗಡಿಯಾರ ಬಿಚ್ಚುತ್ತಾರೆಯೇ? ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಕೆಲವರು ಆಗಲೇ ಹಗ್ಗ ಸುತ್ತಿ ಮೂಟೆ ಕಟ್ಟತೊಡಗಿದ್ದರು. ಮಂಡಳಿಯವರು ಬೇಗ ಬರೆದು ಮುಗಿಸಿ ಎಂದು ನನಗೆ ಎರಡು ಸಲ ಹೇಳಿಕಳಿಸಿದರು. ನಾನು ಪೆನ್ನಿನ ಮುಚ್ಚಳ ಹಾಕಿ, ಹೊತ್ತು ಮುಳುಗುವವರೆಗೆ ಪುಸ್ತಕ ನನ್ನದು ಎಂದು ಹೇಳಿಸಿದೆ. ಸಣ್ಣೀರಮ್ಮ ಸಾಬರ ಎದುರು ನೆಲದ ಮೇಲೆ ಕೂತಳು.

"ದಸ್ತಗೀರಣ್ಣ, ನೀ ಕೆಡಿಸಬ್ಯಾಡ. ಅರ ನಂಗೆ ಕೊಡು, ನಾನೇ ಉಜ್ತೀನಿ. ನೆರಳು ಬೀಳ್ದಿದ್ರೆ ಸಣ್ಣೀರಿ ಹಾಳ್ಮಾಡಿದ್ಲು ಅಂತ ಊರೆಲ್ಲ ಹೇಳು. ಬಿದ್ರೆ, ನೀ ಮಾಡಿದ್ದು ಅಂತ ನಾ ಹೇಳ್ತೀನಿ."

ಸಾಬರು ಅವಳ ಕೈಗಳನ್ನು ನೋಡಿದರು. ಸೊಪ್ಪು ಕುಯ್ದು ಕುಯ್ದು ಹೆಬ್ಬೆರಳಿನ ತುದಿ ಕಪ್ಪಾಗಿ ಸೀಳಿತ್ತು.

"ನಿನ್ನ ಕೈಗೆ ಕೊಟ್ರೆ ರೆಕ್ಕೇನೇ ಹೋಗುತ್ತೆ ಅಕ್ಕ," ಎಂದರು. "ನೀನು ಜಾಗ ತೋರ್ಸು, ಸಾಕು."

ಅವಳು ಎರಡು ಬೆರಳು ಇಟ್ಟು ಉಗುರಿನಿಂದ ಗೀರಿದಳು. ಸಾಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಗಡಿಯಾರದ ಹಲ್ಲು ಉಜ್ಜುವ ಸಣ್ಣ ಅರ ಹಿಡಿದರು. ನಾನು ನೋಡುವವನು, ಮುಟ್ಟದವನು. ಶಿವನಾಮ ಹೇಳಿಕೊಳ್ಳುತ್ತಾ ಅವರಿಬ್ಬರ ಬೆನ್ನಿಗೆ ಬಿಸಿಲು ಬೀಳದ ಹಾಗೆ ನಿಂತದ್ದಷ್ಟೇ ನನ್ನ ಪಾಲು. ಸಾಬರು ಉಜ್ಜುವರು, ಕಾಳಿನವರ ಮೂಟೆಯಿಂದ ಅವಳು ಆರಿಸಿ ತಂದ ಒಂದು ಕಡಲೆಬೇಳೆಯನ್ನು ಗಾಯಕ್ಕೆ ಇಟ್ಟು ನೋಡುವರು, ಮತ್ತೆ ಉಜ್ಜುವರು. ಬೇಳೆ ಅಲ್ಲಾಡದೆ ಕೂತ ಮೇಲೆ ಅರ ಕೆಳಗಿಟ್ಟರು.

ಎರಡನೆಯ ಸಲ ಹಗ್ಗ ಎಳೆದವಳು ಸಣ್ಣೀರಮ್ಮ. ಹೊತ್ತು ನೆತ್ತಿ ದಾಟಿತ್ತು.

ಸದ್ದೇನೂ ಆಗಲಿಲ್ಲ. ಮನೆಯೊಳಗೆ ಬಾಗಿಲು ಮುಂದೆ ಮಾಡಿದರೆ ಬೆಳಕು ಹೇಗೆ ತಗ್ಗುತ್ತದೋ ಹಾಗೆ ಮೈದಾನ ತಗ್ಗಿತು. ಮೂತಿ ಬಳೆಯವರ ಮೇಲೆ ಹಾದು ಹೋಗಿ ಚರಂಡಿಯವರೆಗೆ ಚಾಚಿಕೊಂಡಿತು, ಬಾಲ ಓಬಳಪ್ಪನ ಮಡಕೆಗಳನ್ನೆಲ್ಲ ಒಳಗೆ ತೆಗೆದುಕೊಂಡಿತು. ಎಡ ರೆಕ್ಕೆಯ ಹಿಂದಿನ ಅಂಚಿನಲ್ಲಿ, ಆರು ಮೊಳದ ಆಚೆ, ಒಂದು ಮೊರದಷ್ಟು ಬಿಸಿಲು ಬಿದ್ದಿತ್ತು. ಮೂಟೆ ಕಟ್ಟುತ್ತಿದ್ದವರು ಹಾಗೆಯೇ ಕೂತುಬಿಟ್ಟರು. ನಾನು ನೆಲಕ್ಕೆ ಹಣೆ ಮುಟ್ಟಿಸಿ ಎದ್ದು ಪುಸ್ತಕದಲ್ಲಿ 'ಸರಿ' ಎಂದು ಬರೆದೆ. ಅದರ ಕೆಳಗೆ, ನೋಡಿದವಳು ಸಣ್ಣೀರಮ್ಮ ಎಂದೂ ಬರೆದೆ. ನಮ್ಮ ಪುಸ್ತಕದಲ್ಲಿ ಮನೆತನದ ಹೊರಗಿನ ಹೆಸರು ಅದೊಂದೇ.

ಆಮೇಲೆ ಸಂತೆ ಸಂತೆಯ ಹಾಗೆ ನಡೆಯಿತು. ಗಿರಾಕಿಗಳು ಬಂದರು, ಚೌಕಾಸಿ ಶುರುವಾಯಿತು, ಹೂವಿನವಳು ತನ್ನ ಜಾಗಕ್ಕೆ ಅರ್ಧ ಮೊಳ ಸಾಲದೆಂದು ಜಗಳ ತೆಗೆದಳು. ಓಬಳಪ್ಪ ಮಡಕೆ ತಟ್ಟುತ್ತಾ, ಹಂಗಾದ್ರೆ ಆ ವಿಮಾನ ಎಲ್ಲೋ ಗಟ್ಟಿಯಾಗೇ ನಿಂತಿದೆ, ಹಳೆಯದನ್ನು ಯಾವುದೋ ಊರಿನ ನಡುವೆ ನಿಲ್ಲಿಸಿರುತ್ತಾರೆ, ನೆರಳಿಗೆ ಅಲ್ಲಿಯೂ ನಾಲ್ಕು ಜನ ಬಂದು ಕೂತಿರುತ್ತಾರೆ ಎಂದು ಸಂತೋಷಕ್ಕೆ ಹೇಳಿದ. ಸಬ್ಬಸಿಗೆ ಕಟ್ಟುತ್ತಿದ್ದ ಸಣ್ಣೀರಮ್ಮನ ಕೈ ನಿಂತಿತು. ನನ್ನನ್ನು ಕರೆದಳು.

"ಅಯ್ನೋರೆ, ಇಲ್ಲಿ ಬಿದ್ದಿರೋದು ಅದರದ್ದೇ ನೆರಳಲ್ವ. ಹಂಗಾದ್ರೆ ಅಲ್ಲಿ ಕುಂತಿರೋರಿಗೆ?"

ಮೂರು ತಲೆಮಾರಿನಿಂದ ನೆರಳು ನೋಡಿಕೊಂಡು ಬಂದವರು ನಾವು. ಹುಣಸೆಮರದ್ದು, ಛತ್ರದ್ದು, ಏನೇನೋ ನೋಡಿದ್ದೇವೆ. ಇದನ್ನು ಯಾರೂ ನಮ್ಮನ್ನು ಕೇಳಿರಲಿಲ್ಲ, ನಾವೂ ಕೇಳಿಕೊಂಡಿರಲಿಲ್ಲ. ಗೊತ್ತಿಲ್ಲಮ್ಮ ಎಂದೆ. ಪುಸ್ತಕ ಕೈಯಲ್ಲಿ ಹಿಡಿದುಕೊಂಡು ಹಾಗೆ ಹೇಳಿದ್ದು ಅದೇ ಮೊದಲು.

ಅವಳು ತಲೆಯಾಡಿಸಿ ಮತ್ತೆ ಸೊಪ್ಪು ಕಟ್ಟತೊಡಗಿದಳು. ಒಂದು ವರ್ಷ ಬಿಸಿಲು ಉಂಡವಳು. ಆ ನೆರಳಿನ ಬೆಲೆ ಅವಳಷ್ಟು ತಿಳಿದವರು ಮೈದಾನದಲ್ಲಿ ಯಾರೂ ಇರಲಿಲ್ಲ. ಮೂರು ಗಂಟೆಯವರೆಗೆ ಕೂತಳು. ಪುಟ್ಟಿಯಲ್ಲಿ ಇನ್ನೂ ಅರ್ಧ ಸೊಪ್ಪಿತ್ತು, ಬಿಸಿಲು ಚುರುಗುಡುತ್ತಿತ್ತು, ಗಿರಾಕಿಗಳು ಬರುವುದು ಸಂಜೆಗೇ ಹೆಚ್ಚು. ಮಂಡಿಗೆ ಕೈಯೂರಿ ಎದ್ದು, ಕಂಬದ ಹತ್ತಿರ ಹೋಗಿ, ಹಗ್ಗದ ಗಂಟು ಬಿಚ್ಚಿದಳು. ಓಬಳಪ್ಪ ಅವಳ ಮುಖ ನೋಡಿ, ಮಡಕೆಗಳ ಮೇಲೆ ಹುಲ್ಲು ಹರಡಿಕೊಂಡ. ವಿಮಾನ ಇಳಿದು ಅವಳ ಅಂಗೈಗೆ ಬಂತು. ಮೈದಾನದ ಮೇಲೆ ಬಿಸಿಲು ಒಟ್ಟಿಗೆ ಬಿತ್ತು.

ಅವಳು ಅದನ್ನು ಡಬ್ಬಿಯೊಳಗೆ ಮಲಗಿಸಿ, ಸೆರಗಿನಿಂದ ಧೂಳು ಒರೆಸಿ, ಮುಚ್ಚಳ ಒತ್ತಿ ಮುಚ್ಚಿದಳು. "ತಗೊಳ್ಳಿ, ಇನ್ನು ನಿಮ್ಮ ಸರದಿ," ಅಂದಳು, ನಮ್ಮಲ್ಲಿ ಯಾರನ್ನೂ ನೋಡದೆ. ಆಮೇಲೆ ಗೋಣಿಗೆ ನೀರು ಚಿಮುಕಿಸಿ ಸೊಪ್ಪಿನ ಮೇಲೆ ಎಳೆದು, ಬಿಸಿಲಿನಲ್ಲೇ ಕೂತಳು.